ಪುಣೆ ಆಸ್ಪತ್ರೆಯಲ್ಲಿದ್ದೇನೆ, ಜೀವ ಹೊಲದಲ್ಲಿದೆ. ಸರ್ವಿಸ್ ಬಿಟ್ಟು ಊರಿಗೆ ಬರಲಾ?

ಎರೆಹೊಲದ ಜವಾನ
ಎಲ್ಲರಿಗೂ ನಮಸ್ಕಾರ. ನಮ್ಮದು ಗದಗ ಜಿಲ್ಲೆ, ರೋಣ ತಾಲೂಕಿನ ಒಂದು ಹಳ್ಳಿ. ಸೈನ್ಯ ಸೇರಿ 13 ವರ್ಷ ಆಯ್ತು. ಸಿಯಾಚಿನ್‌ನಲ್ಲಿ ಪೋಸ್ಟ್ ಮೇಲಿದ್ದಾಗ ಎಡಗಾಲಿಗೆ ಫ್ರಾಸ್ಟ್‌ಬೈಟ್ (ವಿಪರೀತ ಚಳಿಗೆ ಮಾಂಸ ಹೆಪ್ಪುಗಟ್ಟಿ ಸಾಯೋದು) ಆಯ್ತು. ಹೆಬ್ಬೆರಳು, ಅದರ ಪಕ್ಕದ ಎರಡು ಬೆರಳು ತೆಗೆದಿದ್ದಾರೆ. ಗಾಯ ಮಾಗಿದೆ. ಕೋಲು ಹಿಡಿದು ವಾರ್ಡಿನಲ್ಲಿ ಆ ಕಡೆಯಿಂದ ಈ ಕಡೆ ನಡೆದಾಡುತ್ತೇನೆ.

ನೋವು ಹೇಗೋ ತಡೆಯಬಹುದು. ಊರಿನ ನೆನಪು ತಡೆಯೋಕೆ ಆಗ್ತಿಲ್ಲ. ಮೇಲೆ ಪೋಸ್ಟಿನಲ್ಲಿದ್ದಾಗ ಇಷ್ಟು ಕಾಡಿರಲಿಲ್ಲ, ಅಲ್ಲಿ ಕೈ ತುಂಬ ಕೆಲಸ. ಇಲ್ಲಿ ಡ್ರೆಸ್ಸಿಂಗ್, ಡಾಕ್ಟರ್ ರೌಂಡು, ಫಿಸಿಯೋ ಮುಗಿದರೆ ಮಧ್ಯಾಹ್ನದಿಂದ ಸುಮ್ನೆ ಮಲಗಿರಬೇಕು. ಈಗ ನಮ್ಮಲ್ಲಿ ಹಿಂಗಾರಿ ಬಿತ್ತನೆ ಕಾಲ. ಮೊನ್ನೆ ಅವ್ವ ವಿಡಿಯೋ ಕಾಲ್ ಮಾಡಿ ಹೊಲ ತೋರಿಸಿದಳು. ಹೆಸರು ಬೆಳೆದಿದ್ದ ಹೊಲ ಹರಗಿ ಬಿಟ್ಟಿದ್ದಾರೆ, ಕಡಲೆ ಬಿತ್ತಬೇಕು. ಗಾಳಿ ಸದ್ದಿಗೆ ಅವಳ ಮಾತು ಒಂದೂ ಕೇಳಿಸಲಿಲ್ಲ. ಪಕ್ಕದ ಬೆಡ್ಡಿನ ಪಂಜಾಬಿ ಹವಾಲ್ದಾರ್ ಬಗ್ಗಿ ನೋಡಿ, ಮಣ್ಣು ಇಷ್ಟು ಕಪ್ಪಾ ಅಂತ ಕೇಳಿದ. ಆಮೇಲೆ ತನ್ನ ಊರಿನ ಭತ್ತದ ಕಟಾವಿನ ಬಗ್ಗೆ ಹೇಳೋಕೆ ಶುರು ಮಾಡಿದ. ರಾತ್ರಿ ಲೈಟ್ ಆರಿಸುವ ತನಕ ಇಬ್ಬರದೂ ಅದೇ ಮಾತು.

ಅಪ್ಪನಿಗೆ ವಯಸ್ಸಾಗಿದೆ. ತಮ್ಮ ಬೆಂಗಳೂರಲ್ಲಿ ಕ್ಯಾಬ್ ಓಡಿಸ್ತಾನೆ. 6 ಎಕರೆ ಖುಷ್ಕಿ ಜಮೀನು. ಇನ್ನು ಪಾಲಿಗೆ ಕೊಟ್ಟುಬಿಡೋಣ ಅಂತಾರೆ ಅಪ್ಪ. ನನಗೆ ಮೆಡಿಕಲ್ ಬೋರ್ಡ್, ಅಂದರೆ ಸೇವೆಗೆ ಆಗ್ತೀನಾ ಅಂತ ಡಾಕ್ಟರುಗಳು ತೀರ್ಮಾನಿಸೋದು, ಹತ್ತಿರ ಬಂದಿದೆ. ಬೆಳಗಾವಿಯ ನಮ್ಮ ರೆಜಿಮೆಂಟ್ ಸೆಂಟರ್‌ನಲ್ಲಿ ಕೂತು ಮಾಡುವ ಕೆಲಸ ಸಿಗಬಹುದು ಅಂತ ಯೂನಿಟ್‌ನವರು ಹೇಳ್ತಿದ್ದಾರೆ. ನನಗೆ ಮಾತ್ರ ಎಲ್ಲ ಬಿಟ್ಟು ಊರಿಗೆ ಬಂದು ಒಕ್ಕಲುತನ ಮಾಡಬೇಕು ಅಂತ ಆಸೆ. ಹೆಂಡತಿ ಏನೂ ಹೇಳ್ತಿಲ್ಲ. ಬೆರಳಿಲ್ಲದ ಕಾಲಲ್ಲಿ ಹೊಲದ ಕೆಲಸ ಆಗುತ್ತಾ? ಬಲ್ಲವರು ಹೇಳಿ.

ಹಾವೇರಿ ಹುಡುಗ
ಅಣ್ಣಾ, ಬೇಗ ಗುಣವಾಗಿ ಬನ್ನಿ. ಊರು ಎಲ್ಲೂ ಹೋಗಲ್ಲ.

ನಿವೃತ್ತ ಸುಬೇದಾರ್
ತಮ್ಮಾ, ಮೊದಲು ಕಾಗದಪತ್ರದ ವಿಷಯ ಹೇಳಿಬಿಡ್ತೇನೆ. 15 ವರ್ಷ ತುಂಬುವ ಮೊದಲು ನೀನಾಗೇ ಬರೆದುಕೊಟ್ಟು ಬಂದರೆ ಸರ್ವಿಸ್ ಪಿಂಚಣಿ ಇಲ್ಲ. ಬೋರ್ಡಿನವರೇ ನಿನ್ನನ್ನು ಸೇವೆಗೆ ಆಗಲ್ಲ ಅಂತ ಮನೆಗೆ ಕಳಿಸಿದರೆ ಲೆಕ್ಕ ಬೇರೆ. ಡ್ಯೂಟಿಯಿಂದಲೇ ಆದ ಗಾಯ ಅಂತ ಒಪ್ಪಿದರೆ, ಸರ್ವಿಸ್ ಎಷ್ಟೇ ಇರಲಿ, ಅಂಗವೈಕಲ್ಯ ಪಿಂಚಣಿ ಬರುತ್ತೆ. ಎರಡಕ್ಕೂ ಅಜಗಜಾಂತರ ಇದೆ.

ಇಂಜುರಿ ರಿಪೋರ್ಟ್ ಆಗಿದೆಯಾ? ಅದನ್ನು ನಿನ್ನ ಸರ್ವಿಸ್ ದಾಖಲೆಗೆ ಸೇರಿಸುವ ಪಾರ್ಟ್ ಟು ಆರ್ಡರ್ ಹೊರಟಿದೆಯಾ? ಅದರಲ್ಲಿ ಬ್ಯಾಟಲ್ ಕ್ಯಾಶುಯಲ್ಟಿ (ಕಾರ್ಯಾಚರಣೆಯಲ್ಲಿ ಗಾಯಗೊಂಡವನು) ಅಂತ ಬರೆದಿದ್ದಾರಾ? ಮೂರನ್ನೂ ಕಣ್ಣಾರೆ ನೋಡು. ಒಂದೊಂದು ಝೆರಾಕ್ಸ್ ಮನೆಗೆ ಕಳಿಸು. ಈಗ ನಾಲ್ಕು ಸಾಲು ಬರೆಸಿಕೊಳ್ಳದೆ ಹತ್ತು ವರ್ಷ ಆದಮೇಲೆ ಕೋರ್ಟು ಅಲೆಯುವ ಹುಡುಗರನ್ನು ಬೇಕಾದಷ್ಟು ನೋಡಿದ್ದೇನೆ.

ಊರಿನ ನೆನಪು ಬರಲಿ, ಬರಬೇಕಾದ್ದೇ. ಆದರೆ ಆಸ್ಪತ್ರೆ ಮಂಚದ ಮೇಲೆ ಕೂತು ಡಿಸ್ಚಾರ್ಜ್ ಅರ್ಜಿ ಬರೆಯಬೇಡ.

ಲೆಕ್ಕ ಪಕ್ಕಾ
ಸುಬೇದಾರ್ ಸಾಹೇಬರು ಹೇಳಿದ್ದು ಸರಿ. ನಾನು ಹೊಲದ ಲೆಕ್ಕ ಹೇಳ್ತೇನೆ, ಬೇಜಾರು ಮಾಡ್ಕೋಬೇಡಿ. 6 ಎಕರೆ ಖುಷ್ಕಿ. ಒಳ್ಳೆ ಮಳೆಯಾದ ವರ್ಷ ಎಕರೆಗೆ 5 ಕ್ವಿಂಟಲ್ ಕಡಲೆ ಅಂತ ಹಿಡಿದರೆ 30 ಕ್ವಿಂಟಲ್. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 5,650 ರೂಪಾಯಿ. ಅದೇ ಬೆಲೆ ಸಿಕ್ಕರೂ 1,69,500. ಬೀಜ, ಗೊಬ್ಬರ, ಔಷಧ, ಟ್ರ್ಯಾಕ್ಟರ್ ಬಾಡಿಗೆ, ಕೂಲಿ, ರಾಶಿ ಖರ್ಚು ಎಲ್ಲ ಇದರಲ್ಲೇ ಕಳೀಬೇಕು. ಮಳೆ ಕೈಕೊಟ್ಟರೆ ಬೀಜದ ದುಡ್ಡೂ ಹುಟ್ಟಲ್ಲ. ಸಂಬಳ ಬರುವ ಕೆಲಸ ಬಿಟ್ಟು ಇದಕ್ಕೆ ಬರ್ತೀನಿ ಅನ್ನೋದು ಬರೀ ಭಾವನೆ.

ನವಲಗುಂದ ರೈತ
ಲೆಕ್ಕ ಸರಿ ಇದೆ ಸ್ವಾಮಿ. ಆದರೆ ಹೇಳುವ ರೀತಿ ಒಂದಿದೆ ಅಲ್ವಾ? ಕಾಲ್ಬೆರಳು ಕಳೆದುಕೊಂಡು ಮಲಗಿದವರಿಗೆ ಬರೀ ಭಾವನೆ ಅಂತೀರಾ?

ಲೆಕ್ಕ ಪಕ್ಕಾ
ಅವರು ಸಲಹೆ ಕೇಳಿದ್ದಾರೆ. ನಾಳೆ ಸಾಲ ಆದರೆ ಇಲ್ಲಿ ಅಯ್ಯೋ ಪಾಪ ಅಂದವರು ಯಾರೂ ತೀರಿಸಲ್ಲ. ಅದಕ್ಕೇ ನೇರವಾಗಿ ಹೇಳಿದೆ.

ಕುಂದಗೋಳ ಕಡೆಯವ
ಸಿಯಾಚಿನ್ ಅಂದ ತಕ್ಷಣ ನಮ್ಮ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರ ನೆನಪು ಬರುತ್ತೆ. 2016ರ ಫೆಬ್ರವರಿ 3ರಂದು ಹಿಮಕುಸಿತ. ಮದ್ರಾಸ್ ರೆಜಿಮೆಂಟಿನ ಹತ್ತು ಜನ ಅದರಡಿ ಸಿಕ್ಕಿಕೊಂಡರು. ಆರು ದಿನ ಆದಮೇಲೆ ಹಿಮದಡಿಯಿಂದ ಇವರನ್ನು ಜೀವಂತ ತೆಗೆದರು. ಆಗ ನಮ್ಮ ಭಾಗದ ಎಲ್ಲ ಊರಿನ ಗುಡಿಗಳಲ್ಲೂ ಪೂಜೆ. ಕೊನೆಗೆ ಫೆಬ್ರವರಿ 11ಕ್ಕೆ ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಹಾಸನ ಜಿಲ್ಲೆಯ ಒಬ್ಬರು, ಮೈಸೂರು ಜಿಲ್ಲೆಯ ಒಬ್ಬರು ಕೂಡ ಅದೇ ತಂಡದಲ್ಲಿದ್ದರು.

ಅಣ್ಣಾ, ಅಲ್ಲಿಂದ ಇಳಿದು ಬಂದಿದ್ದೀರಲ್ಲ, ನಮಗೆ ಅಷ್ಟು ಸಾಕು. ಕೆಲಸದ ಮಾತು ನಿಧಾನಕ್ಕೆ ಆಡೋಣ.

ಮಾಹಿತಿ ಪ್ರಿಯ
ಸಿಯಾಚಿನ್‌ನಲ್ಲಿ ನಮ್ಮ ಸೈನ್ಯ ಇರೋದು 1984ರ ಏಪ್ರಿಲ್ 13ರಿಂದ. ಅಲ್ಲಿ ಗುಂಡಿಗಿಂತ ಚಳಿ ಮತ್ತು ಹಿಮಕ್ಕೇ ಜಾಸ್ತಿ ಜೀವ ಹೋಗಿವೆ.

ಧಾರವಾಡ ಫಿಸಿಯೋ
ನಾನು ಫಿಸಿಯೋಥೆರಪಿಸ್ಟ್, ನಮ್ಮದೂ ಒಕ್ಕಲುತನದ ಮನೆ. ಕೇಳಿದ ಪ್ರಶ್ನೆಗೆ ಉತ್ತರ: ಆಗುತ್ತೆ. ಮೊದಲಿನ ಹಾಗೆ ಆಗಲ್ಲ.

ಹೆಬ್ಬೆರಳು ನಾವು ಹೆಜ್ಜೆ ಎತ್ತುವಾಗ ನೆಲವನ್ನು ಹಿಂದಕ್ಕೆ ಒದೆಯುವ ಬೆರಳು. ಅದಿಲ್ಲದಿದ್ದರೆ ಸಪಾಟು ನೆಲದಲ್ಲಿ ಅಷ್ಟೇನೂ ಗೊತ್ತಾಗಲ್ಲ. ಹರಗಿದ ಹೊಲದ ಹೆಂಟೆ ಮೇಲೆ, ಬದುವಿನ ಇಳಿಜಾರಿನಲ್ಲಿ, ಚೀಲ ಹೊತ್ತಾಗ ಗೊತ್ತಾಗುತ್ತೆ. ಬೂಟಿನೊಳಗೆ ಖಾಲಿ ಜಾಗಕ್ಕೆ ತುಂಬುವ ಮೆತ್ತೆ, ಸ್ವಲ್ಪ ಗಟ್ಟಿ ಅಟ್ಟೆ ಮಾಡಿಸಿಕೊಳ್ಳಿ. ಪುಣೆಯಲ್ಲೇ ಇದ್ದೀರಿ. ಅಲ್ಲಿನ ಆರ್ಟಿಫಿಶಿಯಲ್ ಲಿಂಬ್ ಸೆಂಟರ್ 1944ರಿಂದ ಇದೇ ಕೆಲಸ ಮಾಡ್ತಿದೆ. ಹೊರಡುವ ಮುಂಚೆ ಅಳತೆ ಕೊಟ್ಟು ಬನ್ನಿ. ನಾನು ಹೊಲದಲ್ಲಿ ನಡೀಬೇಕು ಅಂತ ಬಾಯಿಬಿಟ್ಟು ಹೇಳಿ. ಇಲ್ಲದಿದ್ದರೆ ಪರೇಡ್ ಗ್ರೌಂಡಿಗೆ ಆಗುವಂಥದ್ದು ಕೊಡ್ತಾರೆ.

ಇನ್ನೊಂದು ಮುಖ್ಯ ವಿಷಯ. ಫ್ರಾಸ್ಟ್‌ಬೈಟ್ ಆದ ಕಾಲಿಗೆ ಸ್ಪರ್ಶ ಕಡಿಮೆ, ಚಳಿ ಮಾತ್ರ ವರ್ಷಗಟ್ಟಲೆ ಜಾಸ್ತಿ ತಾಗುತ್ತೆ. ಕೂಳೆ ಚುಚ್ಚಿದರೂ ನಿಮಗೆ ಗೊತ್ತಾಗಲ್ಲ. ಬೇಸಿಗೆಯಲ್ಲಿ ಎರೆ ಹೊಲ ಬಿರುಕು ಬಿಟ್ಟಾಗ ಕಾಲು ಸಿಕ್ಕಿಕೊಳ್ಳುತ್ತೆ. ಕಡಲೆ ಹೊಲಕ್ಕಂತೂ ಮುಂಜಾನೆ ಬರಿಗಾಲಲ್ಲಿ ಇಳೀಲೇಬೇಡಿ. ಇಬ್ಬನಿ ಜೊತೆ ಎಲೆಯ ಹುಳಿ ಸೇರಿ ಒಳ್ಳೆ ಚರ್ಮಕ್ಕೇ ನವೆ ಬರುತ್ತೆ. ಹೊಸದಾಗಿ ಮಾಗಿದ ಗಾಯದ ಗತಿ ಏನು? ದಿನಾ ರಾತ್ರಿ ಪಾದವನ್ನು ಕಣ್ಣಲ್ಲಿ ನೋಡಿ, ಕೈಯಲ್ಲಿ ಮುಟ್ಟಿ ಪರೀಕ್ಷೆ ಮಾಡಿಕೊಳ್ಳಿ.

ಅಣ್ಣಿಗೇರಿ ಅಜ್ಜ
ಡಾಕ್ಟರವ್ವ ಹೇಳಿದ ಹುಳಿ ಮಾತು ನಿಜ. ನಾವು ಹುಡುಗರಿದ್ದಾಗ ರಾತ್ರಿ ಕಡಲೆ ಗಿಡದ ಮೇಲೆ ಬಿಳಿ ಅರಿವೆ ಹಾಸ್ತಿದ್ದೆವು. ಬೆಳಗ್ಗೆ ಹಿಂಡಿದರೆ ಹುಳಿ ನೀರು. ಹೊಟ್ಟೆನೋವಿಗೆ ಮನೆಯಲ್ಲಿ ಇಟ್ಟಿರ್ತಿದ್ದರು. ಹೊಲ ತಿರುಗಿದ ಚಪ್ಪಲಿ ಬಣ್ಣ ಹೋಗ್ತಿತ್ತು.

ಬೆಂಗಳೂರು ಬಿಜಾಪುರ
ಅಜ್ಜಾ, ಇದು ನನಗೆ ಗೊತ್ತೇ ಇರಲಿಲ್ಲ. ಈಗಲೂ ಯಾರಾದರೂ ಮಾಡ್ತಾರಾ?

ಅಣ್ಣಿಗೇರಿ ಅಜ್ಜ
ಈಗ ಯಾರಿಗೆ ಪುರುಸೊತ್ತು. ಔಷಧ ಹೊಡೆದ ಗಿಡದ ನೀರು ಕುಡಿಯೋದೂ ಬೇಡ.

ಕಾಫಿ ತೋಟ
ನಾನು ಕೊಡಗಿನವನು. ನಮ್ಮಲ್ಲಿ ಸೈನ್ಯಕ್ಕೆ ಹೋಗದ ಮನೆ ಹುಡುಕಬೇಕು. ನಮ್ಮ ಅಜ್ಜ 1965ರ ಯುದ್ಧದಲ್ಲಿ ತೊಡೆಗೆ ಚೂರು ಬಡಿದು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು. ಅಲ್ಲಿಂದ ಬರೆದ ಇನ್‌ಲ್ಯಾಂಡ್ ಪತ್ರಗಳು ಇವತ್ತಿಗೂ ನಮ್ಮ ಮನೆಯ ಟ್ರಂಕಿನಲ್ಲಿವೆ. ಗಾಯದ ಬಗ್ಗೆ ಒಂದೇ ಒಂದು ಸಾಲು ಇಲ್ಲ. ಹೂ ಮಳೆ ಬಂತಾ? ಯಾವ ತಾರೀಕು? ಮೇಲಿನ ಗದ್ದೆ ಬೇಲಿ ಕಟ್ಟಿದಿರಾ? ಕೆಂದ ಹಸು ಕರು ಹಾಕಿತಾ? ಬರೀ ಇದೇ.

ಕಾಫಿಗೆ ಮಾರ್ಚ್ ಏಪ್ರಿಲ್‌ನಲ್ಲಿ ಒಂದು ಮಳೆ ಬೇಕು. ಮಳೆಯಾಗಿ ಎಂಟು ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗೆ ಹೂ ಬಿಡುತ್ತೆ. ನಾಲ್ಕು ದಿನದಲ್ಲಿ ಮುಗಿದೂ ಹೋಗುತ್ತೆ. ಅಜ್ಜ ಹೂವಿನ ಬಗ್ಗೆ ಕೇಳಿದ ಪತ್ರ ಮನೆಗೆ ತಲುಪಿ, ಅಜ್ಜಿ ಯಾರ ಕೈಯಲ್ಲೋ ಉತ್ತರ ಬರೆಸಿ, ಅದು ಅಲ್ಲಿಗೆ ಮುಟ್ಟುವ ಹೊತ್ತಿಗೆ ತೋಟದಲ್ಲಿ ಕಾಯಿ ಕಟ್ಟಿರುತ್ತಿತ್ತು. ಆದರೂ ಆ ಉತ್ತರ ಓದಿ ಅಜ್ಜ ವಾರ್ಡಿನವರಿಗೆಲ್ಲ ಹೇಳಿಕೊಂಡಿದ್ದರಂತೆ. ಹೊಲದ ಸುದ್ದಿ ಅನ್ನೋದು ಗಾಯಗೊಂಡವನಿಗೆ ಔಷಧ ಇದ್ದ ಹಾಗೆ. ಅದನ್ನು ಬರೀ ಭಾವನೆ ಅನ್ನೋದನ್ನು ನಾನು ಒಪ್ಪಲ್ಲ.

ಇತಿಹಾಸ ಮೇಷ್ಟ್ರು
ಕಾಫಿ ತೋಟದವರು ಹೇಳಿದ್ದು ನೂರು ವರ್ಷದ ಹಿಂದೆಯೂ ಹೀಗೇ ಇತ್ತು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಗಾಯಗೊಂಡ ನಮ್ಮ ದೇಶದ ಸಿಪಾಯಿಗಳನ್ನು ಇಂಗ್ಲೆಂಡಿನ ಬ್ರೈಟನ್ ಊರಿಗೆ ಸಾಗಿಸಿದ್ದರು. ಹಿಂದೆ ಅಲ್ಲಿನ ರಾಜರ ಅರಮನೆಯಾಗಿದ್ದ ರಾಯಲ್ ಪೆವಿಲಿಯನ್ 1914ರ ಡಿಸೆಂಬರ್‌ನಿಂದ ಅವರ ಆಸ್ಪತ್ರೆ ಆಗಿತ್ತು. ಅವರ ಪತ್ರಗಳನ್ನು ಸರ್ಕಾರ ತೆರೆದು, ಅನುವಾದ ಮಾಡಿಸಿ ಓದುತ್ತಿತ್ತು. ಹಾಗಾಗಿ ಆ ಅನುವಾದಗಳು ಲಂಡನ್ನಿನಲ್ಲಿ ಉಳಿದುಕೊಂಡಿವೆ. ಹೆಚ್ಚಿನವರು ಪಂಜಾಬಿನ ರೈತರ ಮಕ್ಕಳು. ಅರಮನೆಯಲ್ಲಿ ಮಲಗಿಕೊಂಡು ಅವರು ಕೇಳುತ್ತಿದ್ದದ್ದು ಬೆಳೆ, ಜಮೀನಿನ ಸಾಲ, ದನಕರು, ಮನೆಯ ಮದುವೆಗಳ ವಿಚಾರ. ನೀವು ಮತ್ತು ಪಕ್ಕದ ಬೆಡ್ಡಿನ ಹವಾಲ್ದಾರ್ ಆಡುತ್ತಿರುವುದೂ ಅದೇ ಮಾತು.

ಖಡಕ್ ರೊಟ್ಟಿ
ವಿಷಯಾಂತರಕ್ಕೆ ಕ್ಷಮೆ ಇರಲಿ. ಅಣ್ಣಾ, ಅಲ್ಲಿ ಊಟ ಹೇಗಿದೆ? ಜೋಳದ ರೊಟ್ಟಿ ಸಿಗುತ್ತಾ? ನಮ್ಮ ಅಕ್ಕ ಪುಣೆಯಲ್ಲಿದ್ದಾಳೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಕಳಿಸ್ತೀನಿ. ಬೇಡ ಅನ್ನಬೇಡಿ.

ಮೀರಜ್ ಗಾಡಿ
ಪುಣೆಯಲ್ಲಿ ಜೋಳದ ಭಾಕ್ರಿ ಎಲ್ಲಿ ಬೇಕಾದರೂ ಸಿಗುತ್ತೆ. ಅದೇನು ಬರಗಾಲದ ಊರಲ್ಲ.

ಖಡಕ್ ರೊಟ್ಟಿ
ಭಾಕ್ರಿ ಬೇರೆ, ನಮ್ಮ ಖಡಕ್ ರೊಟ್ಟಿ ಬೇರೆ. ತಿಂಗಳು ಇಟ್ಟರೂ ಕೆಡಲ್ಲ. ಈ ಜಗಳಕ್ಕೆ ಬೇರೆ ಚರ್ಚೆ ತೆರೆಯಿರಿ, ಬರ್ತೀನಿ.

ಹೊಲದೊಡತಿ
ಎಲ್ಲರೂ ಕಾಲಿನ ಬಗ್ಗೆ, ಹೊಲದ ಬಗ್ಗೆ ಬರೆದಿದ್ದೀರಿ. "ಹೆಂಡತಿ ಏನೂ ಹೇಳ್ತಿಲ್ಲ" ಅನ್ನೋ ಸಾಲನ್ನು ಯಾರೂ ಹಿಡಿಯಲಿಲ್ಲ. ನಾನು ಹಿಡೀತೀನಿ, ಯಾಕಂದರೆ ನಾನೂ ಸೈನಿಕನ ಹೆಂಡತಿ.

ನಮ್ಮ ಮನೆಯವರು ಸೈನ್ಯದಲ್ಲಿದ್ದಾಗ ಫೋನ್ ಮಾಡಿದರೆ ಮೊದಲ ಪ್ರಶ್ನೆ ಮಳೆ, ಎರಡನೇದು ಎತ್ತು. ನಾನು ಮೂರನೆಯವಳು. ಆ ವರ್ಷಗಳಲ್ಲಿ ಬೀಜ ತಂದವಳು ನಾನು, ಆಳುಗಳನ್ನು ಕರೆದವಳು ನಾನು, ಸೊಸೈಟಿ ಸಾಲ ತಿರುಗಿಸಿ ಕಟ್ಟಿದವಳು ನಾನು. ಅತ್ತೆಗೆ ಹುಷಾರಿಲ್ಲದಾಗ ರಾತ್ರಿ ಹುಬ್ಬಳ್ಳಿಗೆ ಕರೆದುಕೊಂಡು ಹೋದವಳೂ ನಾನೇ. ಅವರು ಪಿಂಚಣಿ ಆಗಿ ಬಂದ ಮೊದಲ ತಿಂಗಳೇ, ಇಲ್ಲಿ ಮೆಣಸಿನಕಾಯಿ ಯಾಕೆ, ಅಲ್ಲಿ ಬದು ಯಾಕೆ ಒಡೆದಿದೆ, ಈ ಆಳು ಯಾಕೆ ತಡವಾಗಿ ಬಂದ ಅಂತ ಶುರು. ಕಳೆ ತೆಗೆಯೋಕೆ ಬರ್ತಿದ್ದ ಹೆಣ್ಣುಮಕ್ಕಳು ಬೇರೆ ಹೊಲಕ್ಕೆ ಹೋಗಿಬಿಟ್ಟರು. ಅವರ ಮನಸ್ಸು ಕೆಟ್ಟದ್ದಲ್ಲ. ತಾನು ಬಿಟ್ಟು ಹೋದ ದಿನದ ಹೊಲವೇ ಅವರ ತಲೆಯಲ್ಲಿ ಇನ್ನೂ ಇತ್ತು. ಆ ಹೊಲ ಯಾವಾಗಲೋ ಬದಲಾಗಿತ್ತು, ನಾನೂ ಬದಲಾಗಿದ್ದೆ. ಹೊಂದಿಕೊಳ್ಳೋಕೆ ಸಮಯ ಹಿಡೀತು. ಈಗ ಲೆಕ್ಕಪತ್ರ, ಆಳು ನನ್ನದು. ರಾಶಿ, ಮಾರುಕಟ್ಟೆ ಅವರದು. ಚೆನ್ನಾಗಿದ್ದೇವೆ.

ತಮ್ಮಾ, ನಿಮ್ಮ ಹೆಂಡತಿ ಸುಮ್ಮನಿದ್ದಾಳೆ ಅಂದರೆ ಹೇಳೋಕೆ ಏನೂ ಇಲ್ಲ ಅಂತಲ್ಲ. ಗಾಯ ಆದವರ ಮುಂದೆ ಹೇಗೆ ಹೇಳಲಿ ಅಂತ ತಡೆದಿಟ್ಟುಕೊಂಡಿರ್ತಾಳೆ. ಬರೇ ಅವಳೊಬ್ಬಳೇ ಇರುವಾಗ ಫೋನ್ ಮಾಡಿ. ಹೊಲದ ಸುದ್ದಿ ಕೇಳಬೇಡಿ. ನಿನಗೇನು ಬೇಕು ಅಂತ ಕೇಳಿ.

ಹಾವೇರಿ ಹುಡುಗ
ಅಕ್ಕಾ, ಈ ಚರ್ಚೆಯಲ್ಲೇ ತೂಕದ ಮಾತು ಇದು.

ನವಲಗುಂದ ರೈತ
ನಮ್ಮ ಮನೆಯವಳಿಗೂ ಓದಿ ಹೇಳಿದೆ. ಹೌದು ಹೌದು ಅಂತ ತಲೆ ಆಡಿಸಿದಳು.

ಹಳೆ ಸ್ಯಾಪರ್
ನಾನು 1987ರಲ್ಲಿ ಶ್ರೀಲಂಕಾಕ್ಕೆ ಹೋಗಿದ್ದೆ. ಮೈನ್ ಮೇಲೆ ಕಾಲಿಟ್ಟು ಬಲಗಾಲು ಮೊಣಕಾಲಿನ ಕೆಳಗೆ ಹೋಯ್ತು. ಊರು ಮಂಡ್ಯ ಕಡೆ, ಭತ್ತದ ಗದ್ದೆ. ಇಲ್ಲದ ಪಾದದ ಬೆರಳು ರಾತ್ರಿ ತುರಿಸುತ್ತಿತ್ತು. ನಿಮಗೂ ಆಗುತ್ತಿರಬಹುದು, ಹೆದರಬೇಡಿ, ಬರ್ತಾ ಬರ್ತಾ ಕಡಿಮೆ ಆಗುತ್ತೆ. ಡಾಕ್ಟರಿಗೆ ಹೇಳಿ, ಮುಚ್ಚಿಡಬೇಡಿ.

ಗದ್ದೆ ಕೆಸರಿಗೆ ಆಸ್ಪತ್ರೆ ಕೊಟ್ಟ ಬೂಟಿನ ಕಾಲು ಹೊಂದಲಿಲ್ಲ. ಆಮೇಲೆ ಜೈಪುರ ಕಾಲು ಹಾಕಿಸಿದೆ. 1968ರಲ್ಲಿ ಅದನ್ನು ಮಾಡಿದವರು ಡಾ. ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮಾ. ಬರಿಗಾಲಲ್ಲಿ ನಡೆಯುವ, ಕುಕ್ಕರುಗಾಲಲ್ಲಿ ಕೂರುವ, ಕೆಸರಲ್ಲಿ ಇಳಿಯುವ ನಮ್ಮಂಥವರಿಗೆ ಅಂತಲೇ ಮಾಡಿದ್ದು. ಅದರಲ್ಲೇ ನೀರು ಕಟ್ಟಿದೆ, ಬದು ಕಡಿದೆ. ನಾಟಿ ಮಾತ್ರ ಆಗಲಿಲ್ಲ, ಅದು ನಮ್ಮ ಮನೆಯವಳ ಕೈಗೇ ಹೋಯ್ತು. ನಿಮಗೆ ಹಿಮ್ಮಡಿ ಇದೆ, ಪಾದ ಇದೆ. ಧೈರ್ಯವಾಗಿರಿ.

ಟ್ರ್ಯಾಕ್ಟರ್ ಪ್ರೇಮಿ
ಈಗ ಬಿತ್ತನೆ, ಹರಗೋದು, ರಾಶಿ ಎಲ್ಲ ಮಷಿನ್. ಕಾಲಿನ ಚಿಂತೆ ಯಾಕೆ? ಒಂದು ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ತಗೊಳ್ಳಿ.

ಧಾರವಾಡ ಫಿಸಿಯೋ
ಟ್ರ್ಯಾಕ್ಟರಲ್ಲಿ ಕ್ಲಚ್ ಇರೋದು ಎಡಗಾಲಿಗೆ. ಇವರಿಗೆ ಪೆಟ್ಟಾಗಿರೋದು ಅದೇ ಕಾಲು. ದಿನವಿಡೀ ಒತ್ತಿದರೆ ಮಾಗಿದ ಜಾಗ ಮತ್ತೆ ಒಡೆಯಬಹುದು. ಡಾಕ್ಟರ್ ಒಪ್ಪಿಗೆ ಇಲ್ಲದೆ ಬೇಡ.

ಲೆಕ್ಕ ಪಕ್ಕಾ
6 ಎಕರೆಗೆ ಸ್ವಂತ ಟ್ರ್ಯಾಕ್ಟರ್ ಯಾಕೆ ಸ್ವಾಮಿ? ಬಾಡಿಗೆಗೇ ಅಗ್ಗ.

ಎರೆಹೊಲದ ಜವಾನ
ಎಲ್ಲರಿಗೂ ಕೈ ಮುಗಿದೆ. ಸುಬೇದಾರ್ ಸಾಹೇಬರೇ, ಪಾರ್ಟ್ ಟು ಆರ್ಡರ್ ತರಿಸಿ ನೋಡಿದೆ, ಬ್ಯಾಟಲ್ ಕ್ಯಾಶುಯಲ್ಟಿ ಅಂತಲೇ ಇದೆ. ಫಿಸಿಯೋ ಮೇಡಂ, ಅಳತೆಗೆ ಹೆಸರು ಬರೆಸಿದ್ದೇನೆ. ಖಡಕ್ ರೊಟ್ಟಿ ತಂಗಿ, ಬೇಡ ಅನ್ನಲ್ಲ. ಹವಾಲ್ದಾರ್ ಸಾಹೇಬರಿಗೂ ಕೊಡಬೇಕು, ಎರಡು ಜಾಸ್ತಿ ಇಡಿ.

ಹೊಲದೊಡತಿ ಅಕ್ಕಾ, ನೀವು ಹೇಳಿದ ಹಾಗೆ ಅವಳೊಬ್ಬಳೇ ಇದ್ದಾಗ ಮಾತಾಡಿದೆ. ಮೊದಲು ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಕೇಳಿದಳು, "ನಿಮಗೆ ನಾವು ಬೇಕಾ, ಹೊಲ ಬೇಕಾ? ನಾವು ಬೇಕಾದರೆ ಬೆಳಗಾವಿಗೆ ನಾವೇ ಬರ್ತೀವಿ. ಕ್ವಾರ್ಟರ್ಸ್ ಕೇಳಿ. ಮದುವೆಯಾದಾಗಿಂದ ಒಂದು ವರ್ಷವೂ ಸೇರಿ ಇದ್ದಿಲ್ಲ." ಮಗಳನ್ನು ಅಲ್ಲಿನ ಶಾಲೆಗೆ ಹಾಕಬೇಕು ಅನ್ನೋದು ಅವಳ ಮನಸ್ಸಿನಲ್ಲಿ ಮೊದಲಿಂದ ಇತ್ತಂತೆ. ಹೊಲ ಎಲ್ಲೂ ಓಡಿ ಹೋಗಲ್ಲ, ಪಿಂಚಣಿ ಕೈಗೆ ಬಂದಮೇಲೆ ನಾನೇ ಹೊಲಕ್ಕೆ ಕರೆದುಕೊಂಡು ಹೋಗ್ತೀನಿ ಅಂದಳು.

ಬೋರ್ಡಿನಲ್ಲಿ ಸೆಂಟರ್ ಕೆಲಸವನ್ನೇ ಕೇಳ್ತೀನಿ. ಅದಕ್ಕೂ ಮುಂಚೆ ಸಿಕ್ ಲೀವ್ ಸಿಗುತ್ತೆ. ಎಳ್ಳ ಅಮಾವಾಸ್ಯೆ ಹೊತ್ತಿಗೆ ಊರಲ್ಲಿದ್ದು ಹೊಲದಲ್ಲಿ ಪೂಜೆ ಮಾಡಿ ಚರಗ (ಭೂತಾಯಿಗೆ ಎಡೆ) ಚೆಲ್ಲಬೇಕು ಅಂತ ಅವ್ವನ ಆಸೆ.

ನಿವೃತ್ತ ಸುಬೇದಾರ್
ಶಹಬ್ಬಾಸ್. ಸೊಸೆ ಜಾಣೆ. ಕ್ವಾರ್ಟರ್ಸ್ ಅರ್ಜಿ ಬೇಗ ಹಾಕು, ಸರದಿ ಉದ್ದ ಇರುತ್ತೆ.

ಲೆಕ್ಕ ಪಕ್ಕಾ
ಒಳ್ಳೆ ನಿರ್ಧಾರ. ನನ್ನ ಮಾತು ಗಡುಸಾಗಿ ಕೇಳಿಸಿದ್ದರೂ ನಾನು ಬಯಸಿದ್ದು ಇದನ್ನೇ. ಒಂದು ವಿಷಯ ಗಮನಿಸಿ: ಎರಡು ವರ್ಷ ಹೊಲ ಪಾಲಿಗೆ ಕೊಡ್ತೀರಿ ಅಂದರೆ ಪಹಣಿ ಮೇಲೆ ಕಣ್ಣಿಡಿ. ಸಾಗುವಳಿ ಮಾಡುವವರ ಹೆಸರು ಬರುವ 12ನೇ ಕಾಲಂ ಇದೆಯಲ್ಲ, ಅದನ್ನು ವರ್ಷಕ್ಕೊಮ್ಮೆ ನೋಡ್ತಿರಿ. ಬೆಳೆ ಸಮೀಕ್ಷೆಗೆ ಬಂದಾಗ ಮನೆಯವರು ಯಾರಾದರೂ ಹೊಲದಲ್ಲಿರಲಿ.

ಗುಮಾಸ್ತ
ನಮ್ಮ ರಾಜ್ಯದಲ್ಲಿ 1974ರ ಮಾರ್ಚ್ 1ರಿಂದ ಜಮೀನು ಗೇಣಿಗೆ ಕೊಡುವ ಹಾಗೇ ಇಲ್ಲ. ಆದರೆ ಭೂ ಸುಧಾರಣಾ ಕಾಯ್ದೆಯಲ್ಲಿ ಸೈನಿಕರಿಗೂ ನಾವಿಕರಿಗೂ ವಿನಾಯಿತಿ ಇದೆ. ಅವರು ಗೇಣಿಗೆ ಕೊಟ್ಟು, ವಾಪಸ್ ಪಡೆಯಬಹುದು. ದೇಶಕ್ಕೆ ದುಡಿಯೋಕೆ ಹೋದವನ ಹೊಲ ಕೈತಪ್ಪಬಾರದು ಅಂತ ಮಾಡಿದ ಒಳ್ಳೆ ನಿಯಮ.

ವಕೀಲರ ಮಗಳು
ಗುಮಾಸ್ತರೇ, ಆ ವಿನಾಯಿತಿ ಸೈನಿಕ ಕೊಟ್ಟ ಗೇಣಿಗೆ. ಇವರ ಹೊಲ ಬಹುಶಃ ಅಪ್ಪನ ಹೆಸರಲ್ಲಿದೆ. ಹಾಗಿದ್ದರೆ ಮೊದಲು ಊರಿನ ವಕೀಲರನ್ನು ಕೇಳಿ. ಬಾಯಿಮಾತಿನಲ್ಲಿ ಬಿಡಬೇಡಿ.

ಎರೆಹೊಲದ ಜವಾನ
ಹೌದು, ಅಪ್ಪನ ಹೆಸರಲ್ಲೇ ಇದೆ. ರಜೆಗೆ ಬಂದಾಗ ಕೇಳ್ತೀನಿ. ಈ ವರ್ಷ ಪಾಲಿಗೆ ಬೇಡ, ಆಳು ಹಚ್ಚಿ ನಾವೇ ಬಿತ್ತಿಸೋಣ ಅಂತ ಹೆಂಡತಿ ಹಠ ಹಿಡಿದಿದ್ದಾಳೆ. ಕಡಲೆಯಲ್ಲಿ ಯಾವ ತಳಿ ಒಳ್ಳೇದು? ಅಪ್ಪ ಯಾವಾಗಲೂ ಜೆಜಿ-11 ಹಾಕ್ತಿದ್ದರು. ಕೀಳೋಕೆ ಕೂಲಿಯವರು ಸಿಗೋದೇ ಕಷ್ಟ ಆಗಿದೆ.

ನವಲಗುಂದ ರೈತ
ಜೆಜಿ-11 ಒಳ್ಳೇದೇ, ಆದರೆ ಗಿಡ ಗಿಡ್ಡ, ಮಷಿನ್‌ಗೆ ಸಿಗಲ್ಲ. ಕೂಲಿ ಸಮಸ್ಯೆ ಇದ್ದರೆ ಎನ್‌ಬಿಇಜಿ-47 ನೋಡಿ. ನೆಟ್ಟಗೆ ಎತ್ತರ ಬೆಳೆಯುತ್ತೆ, ಕಂಬೈನ್ ಮಷಿನ್‌ನಲ್ಲೇ ಕಟಾವು ಮಾಡಬಹುದು. ರೈತ ಸಂಪರ್ಕ ಕೇಂದ್ರದಲ್ಲಿ ರಿಯಾಯಿತಿ ಬೀಜ ಬಂದಿದೆಯಾ ಅಂತ ಇವತ್ತೇ ಕೇಳಿಸಿ, ಬೇಗ ಖಾಲಿ ಆಗುತ್ತೆ. ಬಿತ್ತುವ ಮುಂಚೆ ಬೀಜಕ್ಕೆ ಟ್ರೈಕೋಡರ್ಮಾ (ರೋಗ ತಡೆಯುವ ಒಳ್ಳೆ ಶಿಲೀಂಧ್ರದ ಪುಡಿ) ಹಚ್ಚಿಸಿ, ಸೊರಗು ರೋಗಕ್ಕೆ ಒಳ್ಳೇದು. ಹಸಿ ಆರುವುದರೊಳಗೆ ಬಿತ್ತನೆ ಮುಗೀಬೇಕು. ನಮ್ಮ ಕೂರಿಗೆ ಟ್ರ್ಯಾಕ್ಟರ್ ಬರುವ ವಾರ ಖಾಲಿ ಇದೆ. ನಿಮ್ಮ ಮನೆಯವರಿಗೆ ನನ್ನನ್ನು ಸಂಪರ್ಕಿಸೋಕೆ ಹೇಳಿ, ಡೀಸೆಲ್ ಹಾಕಿಸಿದರೆ ಸಾಕು, ಬಾಡಿಗೆ ಬೇಡ.